ಸೂಜಿಗೆ ಐದು ಸ್ಟಾರ್, ರಿಪೋರ್ಟಿಗೆ ಒಂದು

ರಾಯಚೂರಿನ ಒಂದು ಲ್ಯಾಬ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ. ಹುಡುಗರು ಒಳ್ಳೆಯವರು.

ಹೆರಿಗೆಯ ಹಿಂದಿನ ದಿನ ಮಗಳಿಗೆ ಜ್ವರ ಇತ್ತು. ಅದಕ್ಕೇ ಕೂಸಿನ ರಕ್ತ ಒಮ್ಮೆ ನೋಡಿಬಿಡೋಣ ಅಂದರು ಡಾಕ್ಟರು. ಮೊಮ್ಮಗಳು ಹುಟ್ಟಿ ಆಗ ಒಂದೇ ದಿನ. ಲ್ಯಾಬಿನ ಹುಡುಗಿ ಬಂದು ಪುಟ್ಟ ಕೈ ಹಿಡಿದು, ಮೊದಲ ಚುಚ್ಚಿಗೇ ನರ ಹಿಡಿದಳು. ನೇರಳೆ ಮುಚ್ಚಳದ ಸಣ್ಣ ಟ್ಯೂಬಿಗೆ ಅರ್ಧ ಎಂಎಲ್ ರಕ್ತ. ಕೂಸು ಒಂದು ಸಲ ಕಿರುಚಿ ಸುಮ್ಮನಾಯಿತು. ರಿಪೋರ್ಟ್ ಎರಡೇ ತಾಸಿನಲ್ಲಿ ಮೊಬೈಲಿಗೆ ಬಂತು. ಇಲ್ಲಿವರೆಗೆ ಐದಕ್ಕೆ ಐದು.

ರಿಪೋರ್ಟ್ ತೆಗೆದರೆ ಕೆಂಪು ಅಕ್ಷರದಲ್ಲಿ ಎಚ್, ಎಚ್, ಎಚ್. ಹೈ, ಅಂದರೆ ಜಾಸ್ತಿ ಅಂತ. ಬಿಳಿ ರಕ್ತಕಣ 19,400, ಪಕ್ಕದಲ್ಲಿ ನಾರ್ಮಲ್ 4,000ದಿಂದ 11,000. ಹಿಮೋಗ್ಲೋಬಿನ್ 18.6, ನಾರ್ಮಲ್ 12ರಿಂದ 15. ಹೆಣ್ಣು ಕೂಸು ಅಂತ ದೊಡ್ಡ ಹೆಂಗಸರ ಲೆಕ್ಕ ಹಾಕಿದ್ದಾರೆ! ಮಗಳು ಅಳುತ್ತಾ, "ಅಪ್ಪಾ, ಕೂಸಿಗೆ ಏನಾಗ್ಯದ?" ಅಂದಳು. ಬೀಗರು ಮಾನ್ವಿಯಿಂದ ಫೋನ್ ಮಾಡಿ ಹೈದರಾಬಾದಿಗೆ ಒಯ್ಯಿರಿ ಅಂದರು.

ಡಾಕ್ಟರು ಮೊದಲು ಕೂಸನ್ನು ನೋಡಿದರು, ಆಮೇಲೆ ಕಾಗದ. ಹುಟ್ಟಿದ ಹೊತ್ತಿಗೆ ಬಿಳಿ ಕಣ 9,000ದಿಂದ 30,000 ಇರುವುದು ಸಹಜವಂತೆ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಹಾಗಾಗಿ ಕೂಸು ಕೆಂಪು ರಕ್ತಕಣ, ಅದರೊಳಗಿನ ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಂಡು ಬಂದಿರುತ್ತದೆ. ಉಸಿರಾಡಲು ಶುರು ಮಾಡಿದ ಮೇಲೆ ಅಷ್ಟು ಬೇಕಾಗಲ್ಲ, ಎರಡು ಮೂರು ತಿಂಗಳಲ್ಲಿ ತಾನೇ ಇಳಿಯುತ್ತದೆ.

ನಾನು ಶಕ್ತಿನಗರದ ಥರ್ಮಲ್‌ನಲ್ಲಿ ಮೀಟರ್ ನೋಡುತ್ತಲೇ ರಿಟೈರ್ ಆದವನು. ಅಲ್ಲಿ 210 ಮೆಗಾವ್ಯಾಟ್ ಯೂನಿಟ್ಟಿನ ಮಿತಿಯನ್ನು 250ರ ಯೂನಿಟ್ಟಿಗೆ ಹಚ್ಚಿದ್ದರೆ ನಮ್ಮ ಮರ್ಯಾದೆ ಹೋಗುತ್ತಿತ್ತು. ಹಾಗಾದರೆ ಈ ನಾರ್ಮಲ್ ಅನ್ನುವುದನ್ನು ಯಾರು ಗೊತ್ತು ಮಾಡುತ್ತಾರೆ? ಕೇಳಿ, ಓದಿ ತಿಳಿದುಕೊಂಡೆ. ಕಡಿಮೆ ಅಂದರೂ 120 ಆರೋಗ್ಯವಂತರ ರಕ್ತ ನೋಡಿ, ನಡುವಿನ ನೂರಕ್ಕೆ 95 ಜನರದ್ದನ್ನು ಇಟ್ಟುಕೊಳ್ಳುತ್ತಾರೆ. ಅಂದರೆ ಏನೂ ಆಗದ ಐದು ಜನ ಹೇಗೂ ಗೆರೆಯ ಹೊರಗೇ. ಕೂಸುಗಳದ್ದು ಇನ್ನೂ ಕಷ್ಟ. ಚೆನ್ನಾಗಿರುವ ಕೂಸಿಗೆ ಸುಮ್ನೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುತ್ತಾಳೆ? ಬೇರೆ ಕಾರಣಕ್ಕೆ ತೆಗೆದ ರಕ್ತದ ಲೆಕ್ಕವನ್ನೇ ಕೂಡಿಸಿ ನೋಡುವುದೂ ಉಂಟು. ಅಮೆರಿಕದ ಡಲ್ಲಾಸ್‌ನಲ್ಲಿ 1979ರಲ್ಲಿ ಮಾಡಿದ, ನ್ಯೂಟ್ರೋಫಿಲ್ ಅನ್ನುವ ಒಂದು ಬಗೆಯ ಬಿಳಿ ಕಣದ ಪಟ್ಟಿಗೂ, 2008ರಲ್ಲಿ ಎತ್ತರದ ಯೂಟಾದಲ್ಲಿ ಮಾಡಿದ್ದಕ್ಕೂ ತಾಳೆ ಆಗಲ್ಲ, ಯೂಟಾದ್ದು ಮೇಲಿದೆ. ಹಿಮ್ಮಡಿಯಿಂದ ಹಿಂಡಿ ತೆಗೆದರೆ ನರದ ರಕ್ತಕ್ಕಿಂತ ಹಿಮೋಗ್ಲೋಬಿನ್ ಜಾಸ್ತಿ ತೋರಿಸುತ್ತದಂತೆ. ಇಷ್ಟು ಸೂಕ್ಷ್ಮ ಇರುವಲ್ಲಿ ಇವರು ನಮ್ಮ ಕೂಸನ್ನು ಮೂವತ್ತು ವರ್ಷದ ಹೆಂಗಸಿನ ಪಕ್ಕ ನಿಲ್ಲಿಸಿದ್ದಾರೆ.

ಹೋಗಿ ಕೇಳಿದೆ. ಕೌಂಟರಿನ ಹುಡುಗ, "ಅಜ್ಜಾರ, ಸಾಫ್ಟ್‌ವೇರ್ ಹಂಗೇ ಅದರೀ" ಅಂದ. ಸಾಹೇಬರಿಗೆ ಹೇಳುತ್ತೇನೆ ಅಂತ ಚೀಟಿಯಲ್ಲಿ ಬರೆದುಕೊಂಡ. ಚಹಾನೂ ತರಿಸಿದ, ಸುಳ್ಳು ಯಾಕೆ ಹೇಳಲಿ.

ಹತ್ತು ವಾರದ ಮೇಲೆ ಕೂಸಿಗೆ ಜ್ವರ ಬಂದು ಮತ್ತೆ ಅಲ್ಲಿಗೇ ಹೋದೆವು. ಅದೇ ಹುಡುಗಿ, ಮತ್ತೆ ಒಂದೇ ಚುಚ್ಚು. ಹಿಮೋಗ್ಲೋಬಿನ್ 10.4. ಪಕ್ಕದಲ್ಲಿ ಅದೇ 12ರಿಂದ 15, ಈ ಸಲ ಕೆಂಪು ಎಲ್, ಲೋ, ಅಂದರೆ ಕಡಿಮೆ ಅಂತ. ಪ್ರಿಂಟ್ ತೆಗೆಸಿ, ಆ ಎಲ್ ಮೇಲೆ ಪೆನ್ನಿನಿಂದ ಗೆರೆ ಎಳೆದು, ಆಮೇಲೆ ಮಗಳ ಕೈಗೆ ಕೊಟ್ಟೆ.