ಊಟಕ್ಕೆ ನಾಲ್ಕು ಸ್ಟಾರ್, ಗಲ್ಲಾದಲ್ಲಿ ಕೂತವರಿಗೆ ಐದು

ಸಿರ್ಸಿ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಊಟದ ಹೋಟೆಲ್ ಇದು. ಅಪ್ಪೆಹುಳಿ, ತಂಬುಳಿ ಎರಡೂ ಹದವಾಗಿದ್ದವು, ಪಲ್ಯಕ್ಕೆ ಮಾತ್ರ ಉಪ್ಪು ಜಾಸ್ತಿ.

ಆದರೆ ನನಗೆ ಬರೆಯಬೇಕು ಅನ್ನಿಸಿದ್ದು ಬೇರೆ ವಿಷಯ. ಟೇಬಲ್ ಒರೆಸುವ ಅಣ್ಣನಿಗೆ ಬೆಂಚಿನ ಕೆಳಗೆ ಒಂದು ಪರ್ಸ್ ಸಿಕ್ಕಿತು, ಅವರು ಅದನ್ನು ತೆರೆಯದೆ ಸೀದಾ ಗಲ್ಲಾಕ್ಕೆ ಕೊಟ್ಟರು, ಯಜಮಾನರು ಅವರ ಎದುರೇ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರು, ಆದರೆ ಎಷ್ಟು ಅಂತ ಬಾಯಿ ಬಿಡಲಿಲ್ಲ. ಅದೇ ಮುಖ್ಯ ಅಲ್ವಾ? ಒಬ್ಬರು ‘ನಂದೇ ಇರಬೇಕು’ ಅಂದಾಗ ‘ಒಳಗೆ ಏನೇನಿದೆ ಹೇಳಿ ಮಾರಾಯ್ರೆ’ ಎಂದು ಕೇಳಿದರು. ಅವರು ಸುಮ್ಮನಾದರು. ಆಮೇಲೆ ಅಡಿಕೆ ಮಾರಲು ಬಂದಿದ್ದ ಹಿರಿಯರೊಬ್ಬರು ಗಾಬರಿಯಿಂದ ಓಡಿಬಂದು ಎಲ್ಲಾ ಸರಿಯಾಗಿ ಹೇಳಿದರು.

ಬಿದ್ದಿದ್ದು ಸಿಕ್ಕವರದ್ದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ತಪ್ಪು. ಕಳಕೊಂಡವರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಜೇಬಿಗಿಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ, ಹಳೇ ಐಪಿಸಿಯಲ್ಲಿ ಅದು 403 ಆಗಿತ್ತು.

ಒಂದೇ ಬೇಸರ, ಆ ಅಣ್ಣನಿಗೆ ಯಾರೂ ಒಂದು ಒಳ್ಳೆ ಮಾತು ಹೇಳಲಿಲ್ಲ, ನಾನು ಹೇಳಿ ಬಂದೆ. ಊಟಕ್ಕೆ ಬೇಗ ಹೋಗಿ, ಕೂರಲು ಜಾಗ ಕಡಿಮೆ.