ಡಿಸೆಂಬರಿನ ಕಿತ್ತೂರನ್ನೂ ತೋರಿಸಿದ ಮಕ್ಕಳು

ಕಿತ್ತೂರು ಚೆನ್ನಮ್ಮನ ಮೇಲೆ ನಾಟಕ, ರೂಪಕ, ಶಾಲೆ ಗ್ಯಾದರಿಂಗಿನ ಡ್ಯಾನ್ಸು ನಮ್ಮ ಕಡೆ ಬೇಕಾದಷ್ಟು ಆಗುತ್ತವೆ. ಹೆಚ್ಚಿನವು ಒಂದೇ ಜಾಗದಲ್ಲಿ ಮುಗಿಯುತ್ತವೆ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬೀಳುತ್ತಾನೆ, ಜಯಕಾರ ಕೇಳುತ್ತದೆ, ಪರದೆ ಎಳೆಯುತ್ತಾರೆ. ಕಳೆದ ವಾರ ಧಾರವಾಡದಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳ ನೃತ್ಯ ತಂಡವೊಂದು ಹೊಸದಾಗಿ ಕಟ್ಟಿದ ಬ್ಯಾಲೆ ನೋಡಿದೆ. ಅದು ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲದವಳು. ರಾಣಿಯ ಸಮಾಧಿ ನಮ್ಮೂರಲ್ಲೇ ಇದೆ. 1824ರ ಅಕ್ಟೋಬರ್ 23ರ ಗೆಲುವು ಎಲ್ಲರಿಗೂ ಗೊತ್ತು. ಆಮೇಲೆ ನಮ್ಮೂರ ಕೋಟೆಯಲ್ಲಿ ಸೆರೆಯಾಗಿ ಅವಳು ಕಳೆದ ವರ್ಷಗಳನ್ನು ವೇದಿಕೆ ಮೇಲೆ ಯಾರಾದರೂ ತರಲಿ ಅಂತ ಚಿಕ್ಕಂದಿನಿಂದ ಕಾಯುತ್ತಿದ್ದೆ. ಆ ಕೆಲಸವನ್ನು ಈ ಮಕ್ಕಳು ಮಾಡಿದರು.

ಮಾತೇ ಇಲ್ಲದ ಬ್ಯಾಲೆ ಇದು. ಕಥೆಯನ್ನು ಮುಂದಕ್ಕೆ ಒಯ್ಯುವುದು ವೇದಿಕೆಯ ಎಡಗಡೆ ಕೂತ ಲಾವಣಿ ಮೇಳ. ದಪ್ಪು, ಒಂಟಿ ತಂತಿಯ ತುಂತುಣಿ, ಮೂರು ದನಿ. ಮುಖ್ಯ ಪಾತ್ರದವರು ಭರತನಾಟ್ಯ ಕಲಿತ ಹುಡುಗಿಯರು. ಸೈನಿಕರಾದವರು ಡೊಳ್ಳು ಬಡಿಯುವ, ಮಲ್ಲಕಂಬ ಏರುವ ಹಳ್ಳಿ ಹುಡುಗರು. ಎರಡೂ ಸೇರಿದರೆ ಕಲಸುಮೇಲೋಗರ ಆಗುತ್ತದೆ ಅಂತ ನನಗೆ ಅಳುಕಿತ್ತು. ಆಗಲಿಲ್ಲ. ಅರಮನೆಯವರ ಹೆಜ್ಜೆ ಒಂದು ಥರ, ಊರವರ ಹೆಜ್ಜೆ ಇನ್ನೊಂದು ಥರ ಅಂತ ಮೊದಲಿಗೆ ಬೇರೆ ಇಟ್ಟಿದ್ದಾರೆ. ಯುದ್ಧ ಹತ್ತಿರ ಬಂದಂತೆ ರಾಣಿಯೂ ಡೊಳ್ಳಿನ ಹುಡುಗರ ಹೆಜ್ಜೆಗೆ ಇಳಿಯುತ್ತಾಳೆ. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಕಥೆಯಲ್ಲೂ ಒಂದು ಒಳ್ಳೆ ಕೆಲಸ ಮಾಡಿದ್ದಾರೆ. ಕಪ್ಪ ಕೊಡುವ-ಬಿಡುವ ಮಾತು ನಮ್ಮ ಜನರ ಬಾಯಲ್ಲಿ ಎಷ್ಟು ಕೂತಿದೆಯೆಂದರೆ, ಅಸಲು ಜಗಳ ಮರೆತೇಹೋಗಿದೆ. ಅದು ದತ್ತಿನ ಜಗಳ. ರಾಣಿಯ ಮಲಮಗ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನನ್ನು ದತ್ತು ಮಾಡಿಕೊಂಡಿದ್ದನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಬೀಗಮುದ್ರೆ ಹಾಕಲು ಬಂದ. ಗವರ್ನರ್ ಜನರಲ್ ಡಾಲ್‌ಹೌಸಿ ಇದೇ ದತ್ತಿನ ನೆಪದಲ್ಲಿ ಝಾನ್ಸಿಯನ್ನು ನುಂಗುವುದಕ್ಕೆ ಇನ್ನೂ ಮೂವತ್ತು ವರ್ಷ ಇತ್ತು. ಬ್ಯಾಲೆಯಲ್ಲಿ ಚಿಕ್ಕ ಹುಡುಗನೊಬ್ಬ ರಾಣಿಯ ಸೆರಗು ಹಿಡಿದು ನಿಂತಿರುತ್ತಾನೆ. ಕಂಪನಿಯವರು ಬಂದು ಅವನ ತಲೆಯ ರುಮಾಲು ತೆಗೆದು ನೆಲಕ್ಕಿಡುತ್ತಾರೆ. ಅವಳು ಎತ್ತಿ ಮತ್ತೆ ಇಡುತ್ತಾಳೆ. ಅವರು ಮತ್ತೆ ತೆಗೆಯುತ್ತಾರೆ. ಅಷ್ಟೇ. ನನ್ನ ಪಕ್ಕ ಕೂತಿದ್ದ ಅಕ್ಕನ ಮಗಳು, ಮೂರನೇ ಕ್ಲಾಸಿನವಳು, "ಚಿಗವ್ವಾ, ಅದು ಅವ್ರ ಮನಿ ಅಲ್ಲೇನು? ಇವ್ರ್ಯಾಕ ಬಂದ್ರು?" ಅಂತ ಕೇಳಿದಳು. ಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಯುದ್ಧದ ದೃಶ್ಯ ಚೆನ್ನಾಗಿದೆ. ಕೋಟೆ ಬಾಗಿಲು ತೆರೆದು ನುಗ್ಗುವಾಗ ಇಡೀ ಸಭೆ ಎದ್ದು ಕೂಗಿತು. ರಾಣಿಯ ಬಂಟ ಅಮಟೂರು ಬಾಳಪ್ಪನ ಪಾತ್ರ ಒಬ್ಬ ಹುಡುಗಿಗೆ ಕೊಟ್ಟಿದ್ದರು, ಅವಳ ನಿಲುವೇ ಬೇರೆ! ಸೆರೆಸಿಕ್ಕ ಕಂಪನಿ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ಎಲಿಯಟ್‌ಗೆ ರಾಣಿ ಊಟ ಕೊಡಿಸುವ ಸಣ್ಣ ತುಣುಕೂ ಇದೆ. ಆ ಎಲಿಯಟ್‌ಗೆ ಆಗ 21 ವರ್ಷ. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿದ ವಾಲ್ಟರ್ ಎಲಿಯಟ್ ಇವನೇ. ಕರಪತ್ರದಲ್ಲಿ ಇದನ್ನೊಂದು ಸಾಲು ಹಾಕಬಹುದಿತ್ತು.

ಆಮೇಲೆ ಡಿಸೆಂಬರ್. ಕಂಪನಿ ದೊಡ್ಡ ಸೈನ್ಯದೊಂದಿಗೆ ವಾಪಸ್ ಬರುತ್ತದೆ. ತೋಪಿನ ಮದ್ದಿನಲ್ಲಿ ಒಳಗಿನವರೇ ಸಗಣಿ ಬೆರೆಸಿದರು ಅನ್ನುವ ಜನರ ಕಥೆಯನ್ನು ಲಾವಣಿಯವರು ಹಾಡುತ್ತಾರೆ, ಆದರೆ ಸೋಲನ್ನೆಲ್ಲ ದ್ರೋಹದ ತಲೆಗೇ ಕಟ್ಟುವುದಿಲ್ಲ. ಬೂಟುಗಾಲಿನ ಸಾಲು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಡೊಳ್ಳುಗಳು ಒಂದೊಂದಾಗಿ ನಿಲ್ಲುತ್ತವೆ.

ಬೈಲಹೊಂಗಲದ ದೃಶ್ಯದಲ್ಲಿ ಚೆನ್ನಮ್ಮನಾದ ಹುಡುಗಿ ವೇದಿಕೆ ಮೇಲೇ ಕೂತು ಗೆಜ್ಜೆ ಬಿಚ್ಚುತ್ತಾಳೆ. ಬರಿಗಾಲು, ತುಂತುಣಿ ಮಾತ್ರ. ಒಂದು ಚೌಕ ಬೆಳಕು. ಯುದ್ಧದಲ್ಲಿ ಇಡೀ ವೇದಿಕೆ ಸುತ್ತಿ ಕುಣಿದ ಅದೇ ವರಸೆಯನ್ನು ಅವಳು ಮತ್ತೆ ಮಾಡುತ್ತಾಳೆ, ಆದರೆ ಚೌಕದ ಒಳಗೆ, ಮೊಣಕೈ ಮಡಚಿ. ಚೌಕ ಸಣ್ಣದಾಗುತ್ತಾ ಬಂದಂತೆ ವರಸೆಯೂ ಸಣ್ಣದಾಗುತ್ತದೆ. ಕೊನೆಗೆ ಮಣಿಕಟ್ಟು ಮಾತ್ರ ತಿರುಗುತ್ತದೆ. ಅವಳು 1829ರಲ್ಲಿ ತೀರಿಹೋದಳು ಅಂತ ನಾನು ಎಷ್ಟೋ ಸಲ ಓದಿದ್ದೇನೆ. ಓದಿದಾಗ ಬಾರದ ಅಳು ಅವತ್ತು ಬಂತು. ಹದಿನಾರರ ಹುಡುಗಿ ಇಷ್ಟು ತಡೆದು ಕುಣಿಯುವುದು ಸುಮ್ನೆ ಅಲ್ಲ.

ಸಂಗೊಳ್ಳಿ ರಾಯಣ್ಣನ ಭಾಗ ಮಾತ್ರ ಅವಸರದಲ್ಲಿ ಮುಗಿಯಿತು. ಕಾಡಿನ ಹೋರಾಟದಿಂದ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರುವವರೆಗೆ ಎಲ್ಲವೂ ಒಂದೇ ಹಾಡಿನಲ್ಲಿ. ಅವನಿಗೆ ಇನ್ನೂ ಹತ್ತು ನಿಮಿಷ ಕೊಡಲೇಬೇಕು. ಬೇಕಾದರೆ ಮೊದಲ ಅರ್ಧದ ದರ್ಬಾರ್ ಡ್ಯಾನ್ಸ್ ಕತ್ತರಿಸಿ, ಅದು ಚಂದ ಇದೆ ಆದರೆ ಜಾಸ್ತಿ ಆಯಿತು. ಅಲ್ಲಲ್ಲಿ ಹಾಕಿದ ರೆಕಾರ್ಡೆಡ್ ಕೀಬೋರ್ಡ್ ಸಂಗೀತವನ್ನಂತೂ ಪೂರ್ತಿ ತೆಗೆದುಬಿಡಿ. ಎದುರಿಗೆ ಅಂಥ ಲಾವಣಿ ಮೇಳ ಇರುವಾಗ ಅದು ಯಾಕೆ ಬೇಕು?

ಇನ್ನೊಂದು. ಶುರುವಾಗುವ ಮೊದಲು ಸನ್ಮಾನ, ಭಾಷಣ ಅಂತ ಮುಕ್ಕಾಲು ಗಂಟೆ ಹೋಯಿತು. ಮಕ್ಕಳು ಮೇಕಪ್ ಹಾಕಿಕೊಂಡು ಬದಿಯಲ್ಲಿ ಬೆವರುತ್ತಾ ನಿಂತಿದ್ದು ನನ್ನ ಸೀಟಿಗೆ ಕಾಣುತ್ತಿತ್ತು. ತುಂಬಾ ಬೇಜಾರಾಯಿತು. ಹಾರ-ಶಾಲು ಏನಿದ್ದರೂ ಆಟ ಮುಗಿದ ಮೇಲೆ ಇಟ್ಟುಕೊಳ್ಳಿ.

ಟಿಕೆಟ್ 150 ರೂಪಾಯಿ, ಆಟ ಸುಮಾರು ಒಂದೂಮುಕ್ಕಾಲು ಗಂಟೆ, ನಡುವೆ ಒಂದು ಬಿಡುವು. ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ತೀರಾ ಚಿಕ್ಕವರಿಗೆ ತೋಪಿನ ಸದ್ದು ಹೆದರಿಕೆ ತರಬಹುದು, ಹಿಂದಿನ ಸಾಲಿನಲ್ಲಿ ಕೂರಿ. ಎಡಗಡೆ ಸೀಟು ಸಿಕ್ಕರೆ ಲಾವಣಿಯವರ ಮುಖವೂ ಕಾಣುತ್ತದೆ. ಬಿಡುವಿನಲ್ಲಿ ಚಹಾ ಕುಡಿದು ಮನೆಗೆ ಹೊರಟವರು ಕೆಲವರಿದ್ದರು. ನೀವು ಹಾಗೆ ಮಾಡಬೇಡಿ, ಬೈಲಹೊಂಗಲ ಬರುವುದು ಆಮೇಲೆಯೇ.