ಮದುವೆ ಮೆರವಣಿಗೆಗೆ ಬಂದೂಕೋ, ಲೇಸರೋ?

ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ, ಮೆರವಣಿಗೆ ರಂಗೇರಲೆಂದು ಮನೆಯ ಬಂದೂಕು ಹೊರತೆಗೆಯುವುದು ಬೇಡವೇ ಬೇಡ. ಲೈಸೆನ್ಸ್ ಕೊಟ್ಟಿರುವುದು ಆತ್ಮರಕ್ಷಣೆಗೋ ಬೆಳೆ ಕಾಯಲಿಕ್ಕೋ. ಮೇಲೆ ಹಾರಿದ ಗುಂಡು ಯಾರದೋ ಮಾಳಿಗೆ ಮೇಲೆ ಬೀಳುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ, ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಲೇಸರ್ ಮೇಲು, ಆದರೆ ಆಟಿಕೆಯಲ್ಲ. ಬಂದೂಕಿಗೆ ಪೊಲೀಸ್ ಪರಿಶೀಲನೆ ಇದೆ. ಡಿಜೆ ಲೇಸರ್ ಬಾಡಿಗೆಗೆ ತರುವಾಗ ಯಾರೂ ಏನೂ ಕೇಳುವುದಿಲ್ಲ, ನೀವೇ ಕೇಳಬೇಕು. ಪೆಟ್ಟಿಗೆಯ ಹಿಂದಿನ ಚೀಟಿ ಓದಿ: 500 ಮಿಲಿವ್ಯಾಟ್ ದಾಟಿದರೆ ಅದು 4ನೇ ವರ್ಗ, ಅಂದರೆ ಲೇಸರ್‌ಗಳಲ್ಲಿ ಅತಿ ಅಪಾಯದ್ದು. ಕಣ್ಣು ಮಿಟುಕಿಸಲು ಕಾಲು ಸೆಕೆಂಡ್ ಬೇಕು, ಅಷ್ಟರಲ್ಲಿ ಅಕ್ಷಿಪಟಲ ಸುಟ್ಟಿರುತ್ತದೆ. ಒಳಗಿನ ಕನ್ನಡಿ ತಿರುಗುವುದು ನಿಂತರೆ ಕಿರಣ ಒಂದೇ ಕಡೆ ನೆಡುತ್ತದೆ. ಆಗ ತಾನಾಗಿ ಆರುವ ವ್ಯವಸ್ಥೆ ಇಲ್ಲದ್ದನ್ನು ತರಬೇಡಿ.

ಅಲ್ಲಾಡುವ ಟ್ರಾಲಿಗಿಂತ ಗಟ್ಟಿ ಸ್ಟ್ಯಾಂಡ್ ಲೇಸು. ಜನ ನಿಂತ ನೆಲದಿಂದ ಕಿರಣ ಕನಿಷ್ಠ 3 ಮೀಟರ್ ಮೇಲಿರಲಿ. ಜನ ನಿಲ್ಲುವ ಬಾಲ್ಕನಿ, ಕಿರಣ ಹಿಂದಕ್ಕೆ ಎಸೆಯುವ ಅಂಗಡಿಯ ಗಾಜು, ಸ್ಟೀಲ್ ಕಂಬ ಮೊದಲೇ ನೋಡಿಕೊಳ್ಳಿ. ತುರ್ತು ಬಟನ್ ಹತ್ತಿರ ಒಬ್ಬರು ಕೊನೆಯವರೆಗೂ ನಿಂತಿರಲಿ. ವಿಮಾನ ನಿಲ್ದಾಣದ ಸುತ್ತಮುತ್ತ ಆಕಾಶಕ್ಕೆ ಬಿಡಲೇಬೇಡಿ.